ವಿಳಾಸಕ್ಕಿಂತ ಮೊದಲು ಜೊತೆಗಾರ: ಕುಡಿತ ಬಿಟ್ಟವರ ಸಭೆಗೆ ಸೇರುವುದು ಹೇಗೆ?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರ ಅಡಿಕೆ ಬೆಳೆಗಾರ, ವಯಸ್ಸು 44. ಹಲವು ವರ್ಷಗಳ ಕುಡಿತದ ನಂತರ ಕಳೆದ ತಿಂಗಳು ಆಸ್ಪತ್ರೆಗೆ ದಾಖಲಾಗಿ, ಈಗ ಬಿಟ್ಟು ಮನೆಗೆ ಬಂದಿದ್ದೇನೆ. ಕಳಿಸುವಾಗ ವೈದ್ಯರು ‘ಎಎ ಮೀಟಿಂಗಿಗೆ ತಪ್ಪದೆ ಹೋಗಿ’ ಎಂದರು. ಅದು ಎಲ್ಲಿ ನಡೆಯುತ್ತದೆ, ಹೋದರೆ ಏನು ಮಾಡಬೇಕು, ಪರಿಚಯದವರು ಕಂಡರೆ ಗತಿಯೇನು ಎಂಬುದೊಂದೂ ತಿಳಿಯದು. ಅದು ಕ್ರೈಸ್ತರದ್ದು ಎಂದು ಒಬ್ಬರು ಹೇಳಿದರು. ನನ್ನ ಹೆಂಡತಿ ತಾನೂ ಬರುತ್ತೇನೆ ಎನ್ನುತ್ತಾಳೆ. ಸಭೆಗೆ ಹೋಗತೊಡಗಿದರೆ ಮಾತ್ರೆ ನಿಲ್ಲಿಸಬಹುದೇ?

ಉತ್ತರ: ನಿಮ್ಮ ಮೊದಲ ಪ್ರಶ್ನೆಯನ್ನು ಸ್ವಲ್ಪ ಬದಲಿಸಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಸಭೆ ಎಲ್ಲಿ ನಡೆಯುತ್ತದೆ ಎಂದು ವಿಚಾರಿಸುವ ಮೊದಲು, ಆ ಸಭೆಗೆ ಹೋಗುತ್ತಿರುವ ಒಬ್ಬ ವ್ಯಕ್ತಿ ಫೋನಿನಲ್ಲಿ ಮಾತಿಗೆ ಸಿಗುತ್ತಾರೆಯೇ ಎಂದು ವಿಚಾರಿಸಿ. ಆಸ್ಪತ್ರೆಯಲ್ಲಿ ಬರೆದುಕೊಟ್ಟ ವಿಳಾಸದ ಚೀಟಿಯನ್ನು ಔಷಧಿ ಚೀಟಿಗಳ ನಡುವೆ ಮಡಿಸಿಟ್ಟು, ಮುಂದಿನ ವಾರ ಹೋದರಾಯಿತು ಎನ್ನುತ್ತಲೇ ಮತ್ತೆ ಕುಡಿತಕ್ಕೆ ಮರಳಿದವರನ್ನು ಈ ಕೆಲಸದಲ್ಲಿ ಇರುವ ನಾವೆಲ್ಲ ನೋಡಿದ್ದೇವೆ. ಅವರಿಗೆ ಮನಸ್ಸಿರಲಿಲ್ಲ ಎಂದು ನಾನು ಹೇಳಲಾರೆ. ಗುರುತಿಲ್ಲದ ಊರಿನ, ಗುರುತಿಲ್ಲದ ಕೋಣೆಯ ಬಾಗಿಲನ್ನು ಒಬ್ಬನೇ ತಳ್ಳಿಕೊಂಡು ಒಳಗೆ ಹೋಗುವುದು, ಅದೂ ಕುಡಿತ ಬಿಟ್ಟ ಮೊದಲ ವಾರಗಳಲ್ಲಿ ನಿದ್ದೆಯಿಲ್ಲದೆ, ಕೈ ಇನ್ನೂ ಸ್ಥಿರವಾಗದೆ ಇರುವಾಗ, ಎಂಥ ಗಟ್ಟಿ ಮನುಷ್ಯನಿಗೂ ಕಷ್ಟ.

ಇದಕ್ಕೆ ಹಳೆಯದೊಂದು ಅಧ್ಯಯನದ ಆಧಾರವಿದೆ. 1981ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಆ ಅಧ್ಯಯನ ಬಹಳ ಚಿಕ್ಕದು, ಒಟ್ಟು 20 ಮಂದಿಯದು. ಅವರಲ್ಲಿ ಅರ್ಧದಷ್ಟು ಜನರಿಗೆ ಸಭೆಯ ಸ್ಥಳ ಮತ್ತು ಸಮಯವನ್ನು ತಿಳಿಸಿ, ಹೋಗಿ ಎಂದು ಸಲಹೆ ನೀಡಲಾಯಿತು. ಉಳಿದವರಿಗೆ, ಅವರು ಆಪ್ತಸಮಾಲೋಚಕರ ಎದುರು ಕುಳಿತಿರುವಾಗಲೇ ಸಭೆಯ ಸದಸ್ಯರೊಬ್ಬರಿಗೆ ಫೋನ್ ಮಾಡಿಸಿ, ಆ ಸದಸ್ಯರೇ ಬಂದು ಕರೆದುಕೊಂಡು ಹೋಗುವಂತೆ ಏರ್ಪಾಡು ಮಾಡಲಾಯಿತು. ಎರಡನೆಯ ಗುಂಪಿನವರೆಲ್ಲರೂ ಸಭೆಗೆ ಹೋದರು. ಮೊದಲನೆಯ ಗುಂಪಿನಲ್ಲಿ ಒಬ್ಬರೂ ಹೋಗಲಿಲ್ಲ. ಸಂಖ್ಯೆ ಚಿಕ್ಕದಾದರೂ, ಮಲೆನಾಡಿನಲ್ಲಿ ಕೆಲಸ ಮಾಡುವ ನನಗೆ ಅದು ಕಣ್ಣೆದುರಿನ ಸಂಗತಿಯಂತೆಯೇ ಕಾಣುತ್ತದೆ.

ಇನ್ನು ಸಭೆಯ ವಿಚಾರ. ಎಎ ಎಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಹೆಸರು ಬಹಿರಂಗಪಡಿಸದ ಮದ್ಯವ್ಯಸನಿಗಳ ಕೂಟ. 1935ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಆಕ್ರನ್ ಎಂಬ ಊರಿನಲ್ಲಿ, ಕುಡಿತದಿಂದ ಬಳಲುತ್ತಿದ್ದ ಇಬ್ಬರು, ಒಬ್ಬರು ಷೇರು ವ್ಯವಹಾರದವರು ಇನ್ನೊಬ್ಬರು ಶಸ್ತ್ರಚಿಕಿತ್ಸಕರು, ಪರಸ್ಪರ ಮಾತನಾಡುತ್ತಾ ಕುಡಿಯದೆ ಇರಲು ಸಾಧ್ಯವಾಯಿತು ಎಂಬಲ್ಲಿಂದ ಇದು ಆರಂಭವಾಯಿತು. ಇಂದಿಗೂ ಅದರ ತಿರುಳು ಅಷ್ಟೇ: ಕುಡಿತದಲ್ಲಿ ನರಳಿದವನು ಅದರಲ್ಲೇ ನರಳಿದ ಇನ್ನೊಬ್ಬನೊಡನೆ ಮಾತನಾಡುವುದು. ವೈದ್ಯನಾಗಿ ನಾನು ಹೇಳುವ ಮಾತನ್ನು ನೀವು ಗೌರವದಿಂದ ಕೇಳುತ್ತೀರಿ. ಆದರೆ ಹಾಸಿಗೆಯ ಕೆಳಗೆ ಕ್ವಾರ್ಟರ್ ಬಚ್ಚಿಟ್ಟು ಬೆಳಗಿನ ಜಾವ ನಡುಗುವ ಕೈಯಲ್ಲಿ ಹುಡುಕಿದವರು ಹೇಳುವ ಮಾತು ಬೇರೆಯೇ ರೀತಿಯಲ್ಲಿ ತಟ್ಟುತ್ತದೆ. ಸದಸ್ಯತ್ವಕ್ಕೆ ಬೇಕಾದದ್ದು ಕುಡಿತ ನಿಲ್ಲಿಸಬೇಕೆಂಬ ಬಯಕೆ ಒಂದೇ. ಶುಲ್ಕವಿಲ್ಲ, ಅರ್ಜಿಯಿಲ್ಲ. ಕೊನೆಯಲ್ಲಿ ಒಂದು ಚೀಲವೋ ಡಬ್ಬಿಯೋ ಸುತ್ತುತ್ತದೆ. ಇಷ್ಟವಿದ್ದವರು ಹತ್ತೋ ಇಪ್ಪತ್ತೋ ರೂಪಾಯಿ ಹಾಕುತ್ತಾರೆ, ಅದು ಚಹಾಕ್ಕೆ ಮತ್ತು ಕೋಣೆಯ ಬಾಡಿಗೆಗೆ. ಹೊರಗಿನವರಿಂದ ದೇಣಿಗೆ ಪಡೆಯುವುದಿಲ್ಲ ಎಂಬುದು ಈ ಸಂಘಟನೆ ತಾನೇ ಹಾಕಿಕೊಂಡ ನಿಯಮ.

ಇದರಿಂದ ನಿಜವಾಗಿ ಪ್ರಯೋಜನವಿದೆಯೇ ಎಂಬ ಸಂದೇಹ ನಿಮಗಿದ್ದರೆ ಅದು ಸಹಜ. ವೈದ್ಯಕೀಯ ಪುರಾವೆಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 2020ರಲ್ಲಿ 27 ಅಧ್ಯಯನಗಳನ್ನು, ಅವುಗಳಲ್ಲಿ ಭಾಗವಹಿಸಿದ ಹತ್ತು ಸಾವಿರಕ್ಕೂ ಹೆಚ್ಚು ಜನರ ವಿವರಗಳನ್ನು ಪರಿಶೀಲಿಸಿತು. ಎಎ ಸಭೆಗಳೊಂದಿಗೆ ವ್ಯವಸ್ಥಿತವಾಗಿ ಬೆಸೆಯುವ ಚಿಕಿತ್ಸೆ ಪಡೆದವರಲ್ಲಿ ಸಂಪೂರ್ಣ ಮದ್ಯಮುಕ್ತರಾಗಿ ಉಳಿದವರ ಪ್ರಮಾಣ, ಇತರ ಪ್ರಚಲಿತ ಮನೋಚಿಕಿತ್ಸೆಗಳಿಗಿಂತ ಹೆಚ್ಚಿತ್ತು ಎಂಬುದು ಅದರ ತೀರ್ಮಾನ. ‘ವ್ಯವಸ್ಥಿತವಾಗಿ ಬೆಸೆಯುವ’ ಎಂಬ ಮಾತನ್ನು ಗಮನಿಸಿ. ಒಂದು ಸಲ ಹೋಗಿ ನೋಡಿ ಬಂದವರ ಕುರಿತು ಅದು ಹೇಳುತ್ತಿಲ್ಲ.

ಹುಡುಕುವ ಬಗೆಯನ್ನು ಈಗ ಹೇಳುತ್ತೇನೆ. ನೀವು ಚಿಕಿತ್ಸೆ ಪಡೆದ ಆಸ್ಪತ್ರೆಯ ಆಪ್ತಸಮಾಲೋಚಕರಿಗೋ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರಿಗೋ ಫೋನ್ ಮಾಡಿ, ‘ನನಗೆ ವಿಳಾಸ ಬೇಡ, ಸದಸ್ಯರೊಬ್ಬರೊಂದಿಗೆ ಮಾತನಾಡಿಸಿ’ ಎಂದು ಕೇಳಿ. ಕುಡಿತ ಬಿಡಿಸುವ ವಿಭಾಗ ಇರುವ ಕಡೆಗಳಲ್ಲಿ ಇಂಥ ಸದಸ್ಯರ ಸಂಪರ್ಕ ಇದ್ದೇ ಇರುತ್ತದೆ, ಏಕೆಂದರೆ ಹಳೆಯ ಸದಸ್ಯರು ಹೊಸಬರನ್ನು ಭೇಟಿ ಮಾಡುವುದನ್ನು ತಮ್ಮ ಸ್ವಂತ ಚೇತರಿಕೆಯ ಭಾಗವೆಂದೇ ಭಾವಿಸುತ್ತಾರೆ. ನಿಮ್ಮಿಂದ ಅವರಿಗೆ ತೊಂದರೆಯಾಗುತ್ತದೆ ಎಂದು ಹಿಂಜರಿಯಬೇಡಿ. ಶಿವಮೊಗ್ಗದಲ್ಲಿ ಮೆಗ್ಗಾನ್ ಬೋಧನಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿಯೂ ವಿಚಾರಿಸಬಹುದು. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದಂದು ಮನೋವೈದ್ಯರು ಬರುವ ‘ಮನೋಚೈತನ್ಯ’ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2014ರಲ್ಲಿ ಆರಂಭಿಸಿದೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಆ ದಿನದ ಬಗ್ಗೆ ಕೇಳಿಟ್ಟುಕೊಳ್ಳಿ, ಅದು ಮುಂದಕ್ಕೂ ಬೇಕಾಗುತ್ತದೆ. ಎಎ ಸಂಘಟನೆಯ ಭಾರತ ಶಾಖೆಯ ಜಾಲತಾಣದಲ್ಲಿ ಸಭೆಗಳ ವಿವರ ಇರುತ್ತದೆಯಾದರೂ, ಸಭೆಯ ಕೋಣೆ, ವಾರ, ವೇಳೆ ಆಗಾಗ ಬದಲಾಗುವುದರಿಂದ ಬಸ್ಸು ಹತ್ತುವ ಮೊದಲು ಫೋನ್ ಮಾಡಿ ಖಚಿತಪಡಿಸಿಕೊಳ್ಳದೆ ಹೊರಡಬೇಡಿ. ಮೊದಲ ಸಲ ಹೋಗಿ ಬೀಗ ಹಾಕಿದ ಬಾಗಿಲು ನೋಡಿ ಮರಳುವುದು, ಅದೂ ಬಸ್ ನಿಲ್ದಾಣದ ಎದುರಿಗೇ ಬಾರ್ ಇರುವ ಊರಿನಲ್ಲಿ, ನಿಜವಾದ ಅಪಾಯ.

ಯಾರೂ ಸಿಗದಿದ್ದರೆ ಎರಡು ಸರ್ಕಾರಿ ಸಹಾಯವಾಣಿಗಳಿವೆ. 14446 ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಉಚಿತ ಸಂಖ್ಯೆ. 14416 ಟೆಲಿ ಮಾನಸ್, ಅಂದರೆ ಮಾನಸಿಕ ಆರೋಗ್ಯದ ಸಹಾಯವಾಣಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಇದು ಹಗಲು ರಾತ್ರಿ ಲಭ್ಯವಿದ್ದು, ಕನ್ನಡದಲ್ಲಿಯೇ ಮಾತನಾಡಬಹುದು. ಕೆಲವರು ಇವುಗಳನ್ನು ಪ್ರಾಣಾಪಾಯದ ಹೊತ್ತಿಗಷ್ಟೇ ಎಂದು ತಿಳಿದಿದ್ದಾರೆ. ಹಾಗೇನಿಲ್ಲ, ಹತ್ತಿರದಲ್ಲಿ ಯಾವ ಸಹಾಯ ಸಿಗುತ್ತದೆ ಎಂದು ಕೇಳುವುದಕ್ಕೂ ಕರೆ ಮಾಡಬಹುದು.

ಮಲೆನಾಡಿನವರಿಗೆ ಇನ್ನೊಂದು ದಾರಿಯಿದೆ, ಅದನ್ನು ಪಟ್ಟಣದ ವೈದ್ಯರು ಹೇಳಲು ಮರೆಯುತ್ತಾರೆ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಗಳು ಊರೂರಿನ ಸಮುದಾಯ ಭವನಗಳಲ್ಲಿ ಎಂಟು ದಿನಗಳ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತಾ ಬಂದಿವೆ. ಶಿಬಿರ ಮುಗಿಸಿದವರನ್ನು ಹಾಗೆಯೇ ಬಿಟ್ಟುಬಿಡದೆ ‘ನವಜೀವನ ಸಮಿತಿ’ಗಳಲ್ಲಿ ಸೇರಿಸುತ್ತಾರೆ; ಅಲ್ಲಿ ಬಿಟ್ಟವರು ನಿಯಮಿತವಾಗಿ ಸೇರುತ್ತಾರೆ, ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಾರೆ. ನಿಮ್ಮ ಊರಿನಲ್ಲಿ ‘ಧರ್ಮಸ್ಥಳ ಸಂಘ’ ಇದ್ದರೆ ಅದರ ಸೇವಾಪ್ರತಿನಿಧಿಗೆ ಹತ್ತಿರದ ಸಮಿತಿ ಎಲ್ಲಿದೆ ಎಂಬುದು ಗೊತ್ತಿರುತ್ತದೆ. ನೀವು ಶಿಬಿರದ ಮೂಲಕ ಬಂದವರಲ್ಲದ ಕಾರಣ, ಸೇರಿಸಿಕೊಳ್ಳುತ್ತಾರೆಯೇ ಎಂದು ನೇರವಾಗಿ ಕೇಳಿ. ಎಎ ಸಭೆಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ: ಅಲ್ಲಿ ಹೆಸರು ಗುಟ್ಟಾಗಿರುತ್ತದೆ, ಇಲ್ಲಿ ಊರಿನ ನಾಲ್ಕು ಜನರ ಎದುರಿಗೆ, ಮನೆಯವರ ಸಮಕ್ಷಮದಲ್ಲಿ, ಬಿಟ್ಟಿದ್ದೇನೆ ಎಂದು ಹೇಳಿಕೊಳ್ಳುವುದೇ ಬಲ. ಕೆಲವರಿಗೆ ಮೊದಲನೆಯದು ಹಿಡಿಸುತ್ತದೆ, ಕೆಲವರಿಗೆ ಎರಡನೆಯದು. ಎರಡನ್ನೂ ಇಟ್ಟುಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಪರಿಚಯದವರು ಕಂಡರೆ ಎಂಬ ನಿಮ್ಮ ಭಯವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಒಂದು ಮದುವೆಯಲ್ಲಿ ಇಡೀ ತಾಲ್ಲೂಕಿನ ನೆಂಟರು ಸಿಗುವ ನಾಡು ನಮ್ಮದು. ಸೊಸೈಟಿಯ ಕಟ್ಟೆಯಲ್ಲಿ ಬೆಳಿಗ್ಗೆ ಆಡಿದ ಮಾತು ಸಂಜೆಗೆ ಮೂರು ಊರು ದಾಟಿರುತ್ತದೆ. ಆದರೆ ಎರಡು ಸಂಗತಿಗಳನ್ನು ಯೋಚಿಸಿ. ಸಭೆಯ ಕೋಣೆಯೊಳಗೆ ನಿಮ್ಮನ್ನು ಕಂಡವರು ತಾವೂ ಅದೇ ಕಾರಣಕ್ಕೆ ಅಲ್ಲಿ ಕುಳಿತಿರುತ್ತಾರೆ, ಮತ್ತು ಅಲ್ಲಿ ಕಂಡದ್ದು, ಕೇಳಿದ್ದು ಅಲ್ಲಿಯೇ ಉಳಿಯಬೇಕು ಎಂಬುದನ್ನು ಪ್ರತಿ ಸಭೆಯಲ್ಲೂ ನೆನಪಿಸಲಾಗುತ್ತದೆ. ಎರಡನೆಯದು ಹೇಳಲು ಸ್ವಲ್ಪ ಕಷ್ಟದ್ದು: ನಿಮ್ಮ ಕುಡಿತ ಊರಿಗೆ ಈಗಾಗಲೇ ಗೊತ್ತಿದೆ. ಗೊತ್ತಿಲ್ಲದಿರುವುದು ನೀವು ಬಿಡಲು ಪ್ರಯತ್ನಿಸುತ್ತಿದ್ದೀರಿ ಎಂಬುದು ಮಾತ್ರ. ಇಷ್ಟಾದರೂ ಮನಸ್ಸು ಒಪ್ಪದಿದ್ದರೆ ತೀರ್ಥಹಳ್ಳಿಯ ಸುತ್ತಮುತ್ತ ಹುಡುಕದೆ ಶಿವಮೊಗ್ಗಕ್ಕೆ ಹೋಗಿ. ದೂರ ಅರವತ್ತು ಕಿಲೋಮೀಟರಿನ ಆಸುಪಾಸು. ಮೊದಲ ತಿಂಗಳುಗಳಲ್ಲಿ ಆ ದೂರವೇ ನಿಮಗೆ ಮರೆಯಾಗಲಿ. ಮಹಿಳೆಯರಿಗೆ ಈ ಸಂಕೋಚ ಇನ್ನೂ ದೊಡ್ಡದು; ಕುಡಿತದ ಸಮಸ್ಯೆಯಿರುವ ಹೆಣ್ಣುಮಕ್ಕಳು ಇದನ್ನು ಓದುತ್ತಿದ್ದರೆ, ಮಹಿಳೆಯರಿಗೆಂದೇ ನಡೆಯುವ ಆನ್‌ಲೈನ್ ಸಭೆಗಳಿಂದ ಆರಂಭಿಸುವುದು ಸುಲಭವಾದೀತು.

ಒಳಗೆ ಹೋದ ಮೇಲೆ ಏನಾಗುತ್ತದೆ? ಶಾಲೆಯ ಕೋಣೆಯೋ ಚರ್ಚಿನ ಆವರಣದ ಸಭಾಂಗಣವೋ ಇರಬಹುದು. ವೃತ್ತವಾಗಿ ಅಥವಾ ಸಾಲಾಗಿ ಹಾಕಿದ ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಗೆ ತೂಗುಹಾಕಿದ, ಚೇತರಿಕೆಗೆಂದು ಎಎ ಹೇಳುವ ಹನ್ನೆರಡು ಹೆಜ್ಜೆಗಳ ಫಲಕ, ಮೂಲೆಯ ಮೇಜಿನ ಮೇಲೆ ಫ್ಲಾಸ್ಕಿನಲ್ಲಿ ಚಹಾ. ಅಂದಿನ ಸಭೆ ನಡೆಸುವವರು ಸಂಘಟನೆಯ ಪರಿಚಯದ ನಾಲ್ಕು ಸಾಲುಗಳನ್ನು ಓದುತ್ತಾರೆ. ಬಳಿಕ ಒಬ್ಬೊಬ್ಬರಾಗಿ ತಮ್ಮ ಮೊದಲ ಹೆಸರನ್ನಷ್ಟೇ ಹೇಳಿ, ತಾನೊಬ್ಬ ಮದ್ಯವ್ಯಸನಿ ಎಂದು ಆರಂಭಿಸಿ, ಐದು ಹತ್ತು ನಿಮಿಷ ತಮ್ಮ ಅನುಭವ ಹೇಳಿಕೊಳ್ಳುತ್ತಾರೆ; ಅದಕ್ಕೆ ‘ಶೇರಿಂಗ್’ ಎನ್ನುತ್ತಾರೆ. ಒಬ್ಬರು ಮಾತನಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕುವುದಿಲ್ಲ, ಉಪದೇಶ ಮಾಡುವುದಿಲ್ಲ. ಒಂದು ಅಥವಾ ಒಂದೂವರೆ ಗಂಟೆಯಲ್ಲಿ ಸಭೆ ಮುಗಿಯುತ್ತದೆ. ನಿಮ್ಮ ಸರದಿ ಬಂದಾಗ ‘ಇವತ್ತು ಕೇಳಲು ಬಂದಿದ್ದೇನೆ’ ಎಂದರೆ ಸಾಕು, ಯಾರೂ ಒತ್ತಾಯಿಸುವುದಿಲ್ಲ. ಹಿಂದಿನ ರಾತ್ರಿ ಕುಡಿದಿದ್ದರೂ ಹೋಗಬಹುದು. ಅಮಲಿನಲ್ಲಿದ್ದರೆ ಅಂದು ಮಾತನಾಡದೆ ಕೇಳುತ್ತಾ ಕೂರಿ ಎನ್ನುತ್ತಾರೆ, ಅಷ್ಟೆ.

ಸಭೆ ಮುಗಿದ ತಕ್ಷಣ ಬಸ್ಸಿಗೆ ಓಡಬೇಡಿ. ನನ್ನ ದೃಷ್ಟಿಯಲ್ಲಿ ಅತಿ ಮುಖ್ಯವಾದದ್ದು ನಡೆಯುವುದು ಆ ಚಹಾದ ಹದಿನೈದು ನಿಮಿಷಗಳಲ್ಲಿ. ಯಾರ ಮಾತು ನಿಮ್ಮ ಬದುಕಿಗೆ ಹತ್ತಿರವೆನಿಸಿತೋ ಅವರ ಬಳಿ ಹೋಗಿ, ಸಂಜೆಯ ಹೊತ್ತು ಫೋನ್ ಮಾಡಬಹುದೇ ಎಂದು ಕೇಳಿ ನಂಬರ್ ಪಡೆದುಕೊಳ್ಳಿ. ಮುಂದೆ ಅವರೇ ನಿಮ್ಮ ‘ಸ್ಪಾನ್ಸರ್’ ಆಗಬಹುದು, ಅಂದರೆ ಕೈಹಿಡಿದು ನಡೆಸುವ ಹಿರಿಯ ಸದಸ್ಯರು. ವಾರಕ್ಕೆ ಒಂದು ಸಭೆ ಇದ್ದರೆ ಉಳಿದ ಆರು ಸಂಜೆಗಳು ನಿಮ್ಮ ತೋಟದಲ್ಲಿ, ನಿಮ್ಮ ಜಗಲಿಯಲ್ಲಿ ಕಳೆಯಬೇಕಾದವು. ಕುಡಿಯಬೇಕೆಂಬ ತುಡಿತ ಸಾಮಾನ್ಯವಾಗಿ ಅಲೆಯಂತೆ ಏರಿ, ಅರ್ಧ ಗಂಟೆಯ ಆಸುಪಾಸಿನಲ್ಲಿ ಇಳಿಯುತ್ತದೆ. ಆ ಅರ್ಧ ಗಂಟೆಯನ್ನು ಫೋನಿನಲ್ಲಿ ಮಾತನಾಡುತ್ತಾ ಕಳೆಯುವುದಕ್ಕೆ ಒಬ್ಬ ಮನುಷ್ಯ ಬೇಕು, ಮತ್ತು ಆ ಮನುಷ್ಯನ ಪರಿಚಯ ತುಡಿತ ಏರುವ ಮೊದಲೇ ಆಗಿರಬೇಕು.

ಮೊದಲ ಸಭೆ ಹಿಡಿಸದೆ ಹೋಗಬಹುದು. ಒಂದೆಡೆ ಎಲ್ಲರೂ ನಿಮಗಿಂತ ಬಹಳ ಹಿರಿಯರಿರುತ್ತಾರೆ, ಇನ್ನೊಂದೆಡೆ ಇಂಗ್ಲಿಷ್ ಹೆಚ್ಚಿರುತ್ತದೆ. ಕೆಲವು ವಾರ ಸತತವಾಗಿ ಹೋಗಿ ನೋಡಿದ ಮೇಲೆ, ಸಾಧ್ಯವಾದರೆ ಬೇರೆ ಗುಂಪನ್ನೂ ನೋಡಿದ ಮೇಲೆ ತೀರ್ಮಾನಿಸಿ.

ಧರ್ಮದ ವಿಚಾರ. ಸಭೆಗಳಿಗೆ ಕಡಿಮೆ ಬಾಡಿಗೆಗೆ ಕೋಣೆ ಕೊಡುವವರಲ್ಲಿ ಚರ್ಚುಗಳು ಮುಂದಿರುವುದರಿಂದ ಇದು ಕ್ರೈಸ್ತರದ್ದು ಎಂಬ ಮಾತು ಹುಟ್ಟಿಕೊಂಡಿದೆ. ಎಎ ಯಾವ ಧರ್ಮಕ್ಕೂ ಪಂಥಕ್ಕೂ ಪಕ್ಷಕ್ಕೂ ಸೇರಿದ್ದಲ್ಲ. ಹನ್ನೆರಡು ಹೆಜ್ಜೆಗಳಲ್ಲಿ ದೇವರ ಪ್ರಸ್ತಾಪ ಇರುವುದು ನಿಜ, ಆದರೆ ಅದು ‘ನಾವು ಅರಿತುಕೊಂಡಂತೆ ದೇವರು’ ಎಂಬ ಮಾತಿನೊಂದಿಗೆ ಬರುತ್ತದೆ; ಮನೆದೇವರನ್ನು ನೆನೆಯುವವರೂ, ಅಲ್ಲಾಹನನ್ನು ನೆನೆಯುವವರೂ, ಈ ಗುಂಪೇ ತನ್ನನ್ನು ಮೀರಿದ ಶಕ್ತಿ ಎಂದುಕೊಳ್ಳುವ ನಾಸ್ತಿಕರೂ ಅಕ್ಕಪಕ್ಕ ಕೂರುತ್ತಾರೆ. ನವಜೀವನ ಸಮಿತಿಗಳಲ್ಲಿ ಶ್ರೀ ಮಂಜುನಾಥಸ್ವಾಮಿಯ ಮೇಲಿನ ಭಕ್ತಿಯ ವಾತಾವರಣ ಎದ್ದು ಕಾಣುತ್ತದೆ, ಅದು ಹಲವರಿಗೆ ದೊಡ್ಡ ಆಸರೆ. ದೇವರ ಮಾತೇ ಬೇಡ ಎನ್ನುವವರಿಗೆ ಸ್ಮಾರ್ಟ್ ರಿಕವರಿ ಎಂಬ ಬೇರೊಂದು ಕೂಟದ ಆನ್‌ಲೈನ್ ಸಭೆಗಳಿವೆ.

ಆನ್‌ಲೈನ್ ಎಂದೆನಲ್ಲ, ಮಲೆನಾಡಿನಲ್ಲಿ ಅದಕ್ಕೆ ವಿಶೇಷ ಮಹತ್ವವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಂಜೆಯ ಸಭೆ ಮುಗಿಸಿ ಕೊನೆಯ ಬಸ್ಸು ಹಿಡಿದು ಊರು ಸೇರುವುದು ಎಷ್ಟು ಕಷ್ಟವೆಂದು ನಿಮಗೆ ನಾನು ವಿವರಿಸಬೇಕಿಲ್ಲ. ಮರ ಬಿದ್ದರೆ ರಸ್ತೆಯೂ ಇಲ್ಲ, ಕರೆಂಟೂ ಇಲ್ಲ. ಕೋವಿಡ್ ಕಾಲದಲ್ಲಿ ಆರಂಭವಾದ ಜೂಮ್ ಸಭೆಗಳು ಈಗಲೂ ನಡೆಯುತ್ತಿವೆ. ಕನ್ನಡದ ಸಭೆಯ ಲಿಂಕನ್ನು ನಿಮ್ಮ ಪರಿಚಯದ ಸದಸ್ಯರಿಂದಲೇ ಕೇಳಿ ಪಡೆಯಿರಿ. ವಿಡಿಯೊ ಆರಿಸಿ ಧ್ವನಿಯಲ್ಲಷ್ಟೇ ಸೇರಿದರೆ ದುರ್ಬಲ ನೆಟ್‌ವರ್ಕಿನಲ್ಲೂ ನಡೆಯುತ್ತದೆ. ಆದರೂ ನನ್ನ ಅಭಿಪ್ರಾಯದಲ್ಲಿ ಪರದೆಯ ಸಭೆ ಮಳೆಗಾಲದ ಊರುಗೋಲಾಗಲಿ. ಮಳೆ ಬಿಟ್ಟ ಮೇಲೆ ಎದುರುಬದುರು ಕೂರುವ ಸಭೆಗೆ ಮರಳಬೇಕು, ಏಕೆಂದರೆ ಪರದೆಯ ಸಭೆಯಲ್ಲಿ ಆ ಚಹಾದ ಹೊತ್ತು ಇರುವುದಿಲ್ಲ.

ಸಭೆಯ ದಿನವನ್ನು ಅಡಿಕೆ ಮಂಡಿಯ ದಿನದೊಂದಿಗೆ ಜೋಡಿಸಿಕೊಂಡರೆ ಒಂದೇ ಖರ್ಚಿನಲ್ಲಿ ಎರಡು ಕೆಲಸ ಆಗುತ್ತದೆ ಎಂದು ನೀವು ಲೆಕ್ಕ ಹಾಕಬಹುದು. ದಯವಿಟ್ಟು ಈ ವರ್ಷ ಹಾಗೆ ಮಾಡಬೇಡಿ. ಅಡಿಕೆ ಮಾರಿದ ದುಡ್ಡು ಕೈಗೆ ಬಂದ ದಿನ, ಜೊತೆಗಿರುವವರು ಲಾಡ್ಜಿನಲ್ಲೋ ಬಾರಿನಲ್ಲೋ ಕೂತು ಹೋಗೋಣ ಎನ್ನುವ ದಿನ, ಬೆಳೆಗಾರರ ಕುಡಿತ ಮರುಕಳಿಸುವ ಅತಿ ಸಾಮಾನ್ಯ ಸಂದರ್ಭ. ಹಣ ನೇರವಾಗಿ ಬ್ಯಾಂಕ್ ಖಾತೆಗೆ ಹೋಗಲಿ, ಸಾಧ್ಯವಾದರೆ ಈ ಸಲದ ಅಡಿಕೆಯನ್ನು ಮನೆಯ ಇನ್ನೊಬ್ಬರು ಒಯ್ಯಲಿ. ಕೊಯ್ಲಿನ ಕಾಲದ ರಾತ್ರಿಗಳೂ ಹಾಗೆಯೇ; ಒಲೆಯ ಮುಂದೆ ಅಡಿಕೆ ಬೇಯಿಸುತ್ತಾ ಕೂರುವ ಹೊತ್ತಿಗೆ ಬಾಟಲಿ ಬರುವ ರೂಢಿ ನಿಮ್ಮಲ್ಲಿದ್ದರೆ, ಅದನ್ನು ಸಭೆಯಲ್ಲಿ ಬಾಯಿಬಿಟ್ಟು ಹೇಳಿ. ಅದನ್ನು ದಾಟಿದ ಬೆಳೆಗಾರರು ಅಲ್ಲಿ ಇದ್ದೇ ಇರುತ್ತಾರೆ, ಮತ್ತು ಅವರು ಹೇಳುವ ಉಪಾಯ ನನ್ನ ಪುಸ್ತಕದ ಜ್ಞಾನಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನಿಮ್ಮ ಪತ್ನಿಯವರು ಬರುತ್ತೇನೆ ಎನ್ನುತ್ತಿರುವುದು ಒಳ್ಳೆಯ ಮಾತು. ‘ಓಪನ್’ ಸಭೆಗಳಿಗೆ ಮನೆಯವರೂ ಬರಬಹುದು. ‘ಕ್ಲೋಸ್ಡ್’ ಸಭೆಗಳು ಕುಡಿತದ ಸಮಸ್ಯೆ ಇರುವವರಿಗೆ ಮಾತ್ರ. ಯಾವುದು ಯಾವ ದಿನ ಎಂದು ಮೊದಲೇ ಕೇಳಿ. ಕುಡಿತದ ಸಮಸ್ಯೆ ಇರುವವರ ಮನೆಯವರಿಗೆಂದೇ ಅಲ್-ಅನಾನ್ ಎಂಬ ಪ್ರತ್ಯೇಕ ಕೂಟ 1951ರಿಂದ ಇದೆ. ಇಷ್ಟು ವರ್ಷ ನಿಮ್ಮ ಹೆಜ್ಜೆಯ ಸದ್ದಿನಿಂದಲೇ ಅಂದಿನ ರಾತ್ರಿ ಹೇಗಿರುತ್ತದೆ ಎಂದು ಅಳೆದುಕೊಂಡು ಬದುಕಿದವರು ನಿಮ್ಮ ಪತ್ನಿ. ನೀವು ಬಿಟ್ಟ ಮಾತ್ರಕ್ಕೆ ಆ ಕಾವಲು ಅವರ ಮೈಯಿಂದ ಇಳಿಯುವುದಿಲ್ಲ. ನಿಮ್ಮನ್ನು ಕಾಯುವ ಸಲುವಾಗಿಯಲ್ಲದೆ ತಮ್ಮ ಸಲುವಾಗಿ ಅವರು ಮಾತನಾಡಲು ಒಂದು ಜಾಗ ಬೇಕು.

ನಿಮ್ಮಂತೆ ಆಸ್ಪತ್ರೆಯ ಮೂಲಕ ಬಾರದೆ, ಇದನ್ನು ಓದಿ ಇಂದೇ ನಿಲ್ಲಿಸುತ್ತೇನೆ ಎಂದು ಹೊರಡುವವರಿಗೆ ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ದಿನವೂ, ಅದರಲ್ಲೂ ಬೆಳಿಗ್ಗೆ ಎದ್ದ ಕೂಡಲೇ ಕುಡಿಯುವವರು ವೈದ್ಯರ ಸಲಹೆ ಇಲ್ಲದೆ ಒಮ್ಮೆಲೇ ನಿಲ್ಲಿಸುವುದು ಅಪಾಯಕಾರಿ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕು ದಿನಗಳ ನಡುವೆ ಗೊಂದಲ, ಇಲ್ಲದ್ದು ಕಾಣುವುದು, ವಿಪರೀತ ನಡುಕ, ಜ್ವರದೊಂದಿಗೆ ಪ್ರಾಣಕ್ಕೇ ಕುತ್ತಾಗುವ ಸ್ಥಿತಿ ಬರಬಹುದು. ಇದಕ್ಕೆ ಚಿಕಿತ್ಸೆಯಿದೆ, ಆದರೆ ಅದು ಆಸ್ಪತ್ರೆಯಲ್ಲಿ. ಸಭೆ ಆ ಕೆಲಸ ಮಾಡಲಾರದು.

ಕೊನೆಯದಾಗಿ ಮಾತ್ರೆಯ ವಿಚಾರ. ಸಭೆಗೆ ಹೋಗುತ್ತಿದ್ದೇನೆ ಎಂಬ ಕಾರಣಕ್ಕೆ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಮಾತ್ರೆ ತೆಗೆದುಕೊಳ್ಳುವವನು ಪೂರ್ತಿ ಬಿಟ್ಟಂತಲ್ಲ ಎಂದು ಸದಸ್ಯರೊಬ್ಬರು ಹೇಳಿದರೆ ಅದು ಅವರ ಸ್ವಂತ ಅಭಿಪ್ರಾಯ. ಸದಸ್ಯರು ವೈದ್ಯರ ಪಾತ್ರ ವಹಿಸಕೂಡದು ಎಂಬುದೇ ಎಎ ಸಂಘಟನೆಯ ನಿಲುವು. ತುಡಿತ ಕಡಿಮೆ ಮಾಡುವ ನಾಲ್ಟ್ರೆಕ್ಸೋನ್ ಅಥವಾ ಅಕಾಂಪ್ರೊಸೇಟ್‌ನಂಥ ಮಾತ್ರೆಗಳನ್ನು ಎಷ್ಟು ತಿಂಗಳು ಮುಂದುವರಿಸಬೇಕೆಂದು ನಿಮ್ಮ ವೈದ್ಯರು ನಿರ್ಧರಿಸುತ್ತಾರೆ. ಕೊಟ್ಟಿರುವುದು ಡೈಸಲ್ಫಿರಾಮ್ ಆಗಿದ್ದರೆ ಹೆಚ್ಚು ಜಾಗ್ರತೆ ಬೇಕು: ಅದು ದೇಹದಲ್ಲಿರುವಾಗ ಮದ್ಯ ಒಳಗೆ ಹೋದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿಯಬಹುದು, ಮತ್ತು ಮಾತ್ರೆ ನಿಲ್ಲಿಸಿದ ಮೇಲೂ ಈ ಪರಿಣಾಮ ಎರಡು ವಾರದವರೆಗೆ ಉಳಿಯಬಹುದು. ಈ ಮಾತ್ರೆಯನ್ನು ಗಂಡನಿಗೆ ತಿಳಿಯದಂತೆ ಸಾರಿನಲ್ಲೋ ಕಾಫಿಯಲ್ಲೋ ಬೆರೆಸುವ ಮನೆಗಳಿವೆ. ಅದು ಪ್ರಾಣ ತೆಗೆಯಬಲ್ಲ ಕೆಲಸ, ಎಂದಿಗೂ ಮಾಡಬಾರದು. ನಮ್ಮ ಮನೆಗಳ ಕಪಾಟಿನಲ್ಲಿ ಇದ್ದೇ ಇರುವ ದಶಮೂಲಾರಿಷ್ಟ, ದ್ರಾಕ್ಷಾಸವದಂಥ ಅರಿಷ್ಟ ಮತ್ತು ಆಸವಗಳಲ್ಲಿ ಹುದುಗುವಿಕೆಯಿಂದ ಬಂದ ಮದ್ಯಸಾರ ಇರುತ್ತದೆ. ಕೆಲವು ಕೆಮ್ಮಿನ ಸಿರಪ್‌ಗಳಲ್ಲೂ ಇರುತ್ತದೆ. ಅಜೀರ್ಣಕ್ಕೆಂದು ಅಮ್ಮನೋ ಅತ್ತೆಯೋ ಕೊಟ್ಟರೂ ಅವನ್ನು ತೆಗೆದುಕೊಳ್ಳಬೇಡಿ, ಬದಲಿಗೆ ಏನು ತೆಗೆದುಕೊಳ್ಳಬಹುದೆಂದು ವೈದ್ಯರನ್ನು ಕೇಳಿ. ಮುಂದಿನ ತಪಾಸಣೆಗೆ ಹೋಗುವಾಗ, ಯಾವ ದಿನ ಯಾವ ಸಭೆಗೆ ಹೋಗುತ್ತಿದ್ದೀರಿ ಎಂಬುದನ್ನೂ ಅವರಿಗೆ ತಿಳಿಸಿ. ಸಭೆಗೆ ಹೋಗುವುದು ತಪ್ಪಿದ ವಾರವನ್ನು, ಮಾತ್ರೆ ತಪ್ಪಿದ ವಾರದಂತೆಯೇ, ಮುಚ್ಚಿಡದೆ ಹೇಳಿ.